ಮುಳ್ಳು ಎತ್ತಿದ ಕೈ

ಈ ರಸಿಕ ಮಹಾಶಯರಿಗೆ ಈಗ ಹೊಸದೊಂದು ದುಃಖ ಶುರುವಾಗಿದೆ. ಯಾರೂ ಸಂಗೀತವನ್ನು ಪೂರ್ತಿ ಕೇಳುತ್ತಿಲ್ಲವಂತೆ. ಫೋನಿನಲ್ಲಿ ಒಂದು ಹಾಡು ಶುರುವಾಗಿ ಇಪ್ಪತ್ತು ಸೆಕೆಂಡು ಆಗುವುದರೊಳಗೆ ಬೆರಳು ಮುಂದಿನದಕ್ಕೆ ಹಾರುತ್ತದಂತೆ. ರೆಕಾರ್ಡಿನ ಕಾಲದಲ್ಲಿ ಹೀಗಿರಲಿಲ್ಲವಂತೆ. ಮುಳ್ಳು ಇಟ್ಟರೆ ಮುಗಿಯಿತು, ಒಂದು ಸೈಡು ಪೂರ್ತಿ ತಿರುಗುವ ತನಕ ಕೈಕಟ್ಟಿ ಕೂತು ಕೇಳುತ್ತಿದ್ದರಂತೆ. ಈ ಕಾಲದ ಹುಡುಗರಿಗೆ ತಾಳ್ಮೆ ಇಲ್ಲ, ಕಿವಿ ಇಲ್ಲ, ಸಂಸ್ಕಾರ ಇಲ್ಲ. ಹೀಗೆ ಸಾಗುತ್ತದೆ ಇವರ ಶೋಕಗೀತೆ.

ಸಂಸ್ಕಾರ ಎಂಬ ಮಾತು ಬಂದ ತಕ್ಷಣ ನಾವು ಸ್ವಲ್ಪ ಹುಷಾರಾಗುತ್ತೇವೆ. ಆ ಮಾತಿನ ಹಿಂದೆ ಒಂದು ಬಾಗಿಲಿರುತ್ತದೆ, ಬಾಗಿಲಿಗೆ ಒಂದು ಹೊಸಿಲಿರುತ್ತದೆ ಎಂಬುದು ನಮಗೆ ಅಪ್ಪ ಅವ್ವಂದಿರ ಕಾಲದಿಂದಲೂ ಗೊತ್ತು.

ಇದನ್ನು ಬರೆಯುತ್ತಿರುವ ನಾವು ಐದು ಜನ. ಐವರ ಮನೆಯಲ್ಲೂ ಡಿಗ್ರಿ ಕಂಡವರು ನಾವೇ ಮೊದಲು. ನಾಲ್ವರು ಹಾಸ್ಟೆಲಿನ ಮುದ್ದೆ ತಿಂದು ಓದಿದವರು, ಒಬ್ಬಳು ದಿನಾ ಮೂವತ್ತು ಕಿಲೋಮೀಟರು ಬಸ್ಸಿನಲ್ಲಿ ನಿಂತುಕೊಂಡೇ ಓದಿದವಳು. ಇಬ್ಬರು ಈಗ ಹಳ್ಳಿ ಶಾಲೆಯ ಮೇಷ್ಟ್ರುಗಳು. ನಮ್ಮ ಯಾರ ಮನೆಯಲ್ಲೂ ರೆಕಾರ್ಡು ತಿರುಗಿದ್ದಿಲ್ಲ. ನಮ್ಮ ಅಪ್ಪಂದಿರು ರೆಕಾರ್ಡು ಕಂಡದ್ದು ಮದುವೆ ಮನೆಯ ಮೈಕ್‌ಸೆಟ್ಟಿನವನ ಪೆಟ್ಟಿಗೆಯಲ್ಲಿ. ಅವನು ಅದನ್ನು ಪ್ಲೇಟು ಅನ್ನುತ್ತಿದ್ದ. ಮದುವೆ ಊರೊಳಗೆ, ಹಾರನ್ನು ತೆಂಗಿನ ಮರದ ಮೇಲೆ, ಕೇರಿಗೆ ಬರುತ್ತಿದ್ದದ್ದು ಗಾಳಿ ಬೀಸಿದಷ್ಟು ಹಾಡು. ಗಾಳಿ ತಿರುಗಿದರೆ ಚರಣದ ನಡುವೆಯೇ ನಿಂತುಹೋಗುತ್ತಿತ್ತು. ಪೂರ್ತಿ ಕೇಳುವ ಸಂಸ್ಕಾರ ನಮ್ಮವರಿಗೆ ಬಂದದ್ದು ಈ ಬಗೆಯಲ್ಲಿ.

ಕಳೆದ ವರ್ಷ ನಮ್ಮ ಜಿಲ್ಲಾ ಕೇಂದ್ರದಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ನಮ್ಮನ್ನು ಮನೆಗೆ ಕರೆದರು. ಹೆಸರು ಬೇಡ, ನಮಗೆ ಅವರ ಮೇಲೆ ಹಗೆ ಇಲ್ಲ. ಅವರ ಹತ್ತಿರ ಗೋಡೆ ತುಂಬ ರೆಕಾರ್ಡುಗಳಿವೆ. ಅದರಲ್ಲಿ ನಾವು ಬಹಳ ದಿನದಿಂದ ಆಸೆಪಟ್ಟಿದ್ದ ಒಂದು ರೆಕಾರ್ಡೂ ಇತ್ತು. ಮ್ಯಾಕ್ಸ್ ರೋಚ್ ಎಂಬ ಕರಿಯ ಡ್ರಮ್ ವಾದಕ 1960ರಲ್ಲಿ ನ್ಯೂಯಾರ್ಕಿನಲ್ಲಿ ಮಾಡಿದ 'ವಿ ಇನ್ಸಿಸ್ಟ್!'. ನಾವು ಪಟ್ಟು ಬಿಡುವುದಿಲ್ಲ ಅಂತ ಅರ್ಥ ಮಾಡಿಕೊಳ್ಳಬಹುದು. ಅದಕ್ಕೆ ಇನ್ನೊಂದು ಹೆಸರು 'ಫ್ರೀಡಂ ನೌ ಸ್ವೀಟ್'. ಉಚ್ಚಾರ ಸ್ವೀಟ್ ಅಂತಲೇ, ಆದರೆ ಅದರಲ್ಲಿ ಸಿಹಿ ಏನಿಲ್ಲ. ಒಂದರ ಹಿಂದೊಂದು ಬೆಸೆದ ಹಾಡುಗಳ ಸರಪಳಿಗೆ ಅವರಲ್ಲಿ ಹಾಗೆ ಅನ್ನುತ್ತಾರೆ.

ಈ ಕೇರಿ ಹುಡುಗರಿಗೂ ಅಮೆರಿಕದ ಜಾಝ್‌ಗೂ ಏನು ನಂಟು ಅಂತ ಕೇಳುವವರಿಗೆ ಒಂದು ಮಾತು. 1972ರಲ್ಲಿ ಮುಂಬಯಿಯ ನಮ್ಮ ಅಣ್ಣಂದಿರು ದಲಿತ ಪ್ಯಾಂಥರ್ಸ್ ಕಟ್ಟಿದಾಗ ಆ ಹೆಸರನ್ನು ತಂದದ್ದು ಅಮೆರಿಕದ ಕರಿಯರ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. ಆ ನಂಟಿನ ಬೆನ್ನು ಹತ್ತಿ ಹೋದರೆ ಅವರ ಪುಸ್ತಕ ಸಿಗುತ್ತದೆ, ಪುಸ್ತಕದ ಬೆನ್ನು ಹತ್ತಿದರೆ ಅವರ ಹಾಡು ಸಿಗುತ್ತದೆ. ನಾವು ಇದನ್ನು ಮೊದಲು ಕೇಳಿದ್ದು ಫೋನಿನಲ್ಲಿ, ಚೂರು ಚೂರಾಗಿ, ಬಸ್ಸಿನಲ್ಲಿ. ಅದನ್ನು ಆಮೇಲೆ ಹೇಳುತ್ತೇವೆ.

ಅಧ್ಯಾಪಕರು ಕಾಫಿ ಕೊಟ್ಟರು. ಒಳ್ಳೆ ಲೋಟದಲ್ಲೇ ಕೊಟ್ಟರು, ಸುಳ್ಳು ಹೇಳಬಾರದು. ಆಮೇಲೆ ರೆಕಾರ್ಡನ್ನು ಹೊದಿಕೆಯಿಂದ ಹೊರಗೆ ತೆಗೆದರು. ನಮ್ಮಲ್ಲೊಬ್ಬ ಕೈ ಚಾಚಿದ. "ಮುಟ್ಟಬಾರದು, ಮುಟ್ಟಬಾರದು! ಅಂಚು ಮಾತ್ರ ಹಿಡೀಬೇಕು. ಬೆರಳಿನ ಜಿಡ್ಡು ತಗುಲಿದರೆ ಗೀರಿನಲ್ಲಿ ಧೂಳು ಕೂತುಬಿಡುತ್ತೆ" ಅಂದರು. ಅವರು ಹೇಳಿದ್ದು ಸರಿ. ರೆಕಾರ್ಡು ಹಿಡಿಯುವುದು ಹಾಗೆಯೇ. ಆದರೆ ಮುಟ್ಟಬಾರದು ಎಂಬ ಮಾತನ್ನು ಬರೀ ರೆಕಾರ್ಡಿನ ಮಾತಾಗಿ ಕೇಳಿಸಿಕೊಳ್ಳುವುದನ್ನು ನಮ್ಮ ಕಿವಿ ಇನ್ನೂ ಕಲಿತಿಲ್ಲ. ಕೈ ಚಾಚಿದವನು ಕೈ ಹಿಂದಕ್ಕೆ ತಗೊಂಡು ಸುಮ್ಮನೆ ನಕ್ಕ.

ಹೊದಿಕೆಯನ್ನು ಮಾತ್ರ ನಮ್ಮ ಕೈಗೆ ಕೊಟ್ಟರು. ಅದರ ಮೇಲೊಂದು ಚಿತ್ರ. ಹೋಟೆಲಿನ ಕಟ್ಟೆಯ ಮುಂದೆ ಮೂವರು ಕರಿಯರು ಕೂತಿದ್ದಾರೆ, ನಮ್ಮ ಕಡೆ ತಿರುಗಿ ನೋಡುತ್ತಿದ್ದಾರೆ. ಕಟ್ಟೆಯ ಹಿಂದೆ ಬಿಳಿಯ ಸಪ್ಲೈಯರ್ ನಿಂತಿದ್ದಾನೆ. ಅದೇ ವರ್ಷ, 1960ರ ಫೆಬ್ರವರಿ 1ರಂದು, ಗ್ರೀನ್ಸ್‌ಬರೊ ಎಂಬ ಊರಿನಲ್ಲಿ ನಾಲ್ಕು ಜನ ಕರಿಯ ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಹೋಟೆಲು ಕಟ್ಟೆಯಲ್ಲಿ ಕೂತು ಕಾಫಿ ಕೇಳಿದ್ದರು. ಕೊಡಲಿಲ್ಲ. ಅವರು ಏಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದು ಕೂತರು. ಆ ಕೂರುವಿಕೆ ಊರೂರಿಗೆ ಹಬ್ಬಿತು. ಅದನ್ನು ನೆನಪಿಸುವ ಚಿತ್ರ ಅದು. ನಮ್ಮಲ್ಲೊಬ್ಬ ಮೆತ್ತಗೆ, "ಇದು ನಮ್ಮೂರ ಹೋಟ್ಲು ಕಣ್ರೋ" ಅಂದ. ಕಾಫಿ ಲೋಟ ಹಿಡಿದುಕೊಂಡೇ ಅಂದ.

ಮುಳ್ಳು ಇಳಿಯಿತು. ಮೊದಲ ಹಾಡು ಜೀತದ್ದು. ಗುಲಾಮರ ಮೇಲೆ ಚಾವಟಿ ಹಿಡಿದು ನಿಂತ ಮೇಸ್ತ್ರಿಯ ಬಗ್ಗೆ ಆಬಿ ಲಿಂಕನ್ ಎಂಬಾಕೆ ಹಾಡುತ್ತಾಳೆ. ಐದೈದು ಮಾತ್ರೆಯ ನಡಿಗೆ, ಕಲ್ಲು ಹೊತ್ತವನು ಕುಂಟುತ್ತ ನಡೆದ ಹಾಗೆ. ಪ್ರತಿ ಸುತ್ತಿಗೂ ಒಂದು ಏಟು ಚಟೀರನೆ ಬೀಳುತ್ತದೆ. ಅದರಲ್ಲಿ ಕೋಲ್ಮನ್ ಹಾಕಿನ್ಸ್ ಎಂಬ ಹಿರಿಯ ಸ್ಯಾಕ್ಸೊಫೋನ್ ನುಡಿಸುವಾಗ ಒಂದು ಕಡೆ ಸ್ವರ ಕಿರ್ ಎಂದು ಒಡೆಯುತ್ತದೆ. ಅದನ್ನು ಕತ್ತರಿಸಿ ತೆಗೆಯೋಣ ಎಂಬ ಮಾತು ಬಂದಾಗ ಆತ ಬೇಡ ಎಂದನಂತೆ. ಇಂಥ ಹಾಡಿನಲ್ಲಿ ಎಲ್ಲವೂ ನುಣ್ಣಗಿದ್ದರೆ ಎಲ್ಲೋ ತಪ್ಪಾಗಿದೆ ಅಂತಲೇ ಅವನ ಲೆಕ್ಕ. ಹಾಗಾಗಿ ಆ ಒಡಕು ದನಿ ಇವತ್ತಿಗೂ ಅಲ್ಲೇ ಇದೆ. ನಮ್ಮ ವಿಮರ್ಶಕ ಮಹಾಶಯರು ನಮ್ಮ ಪದ್ಯಗಳ ಒರಟುತನವನ್ನು ತಿದ್ದಲು ಕೆಂಪು ಪೆನ್ನು ತೆಗೆಯುವಾಗ ಹಾಕಿನ್ಸನನ್ನು ನೆನೆಯಬೇಕು.

ಎರಡನೆಯದು ಬಿಡುಗಡೆಯ ಸುದ್ದಿ ಬಂದ ದಿನದ್ದು. ಸಂತೋಷದ ಹಾಡಲ್ಲ ಅದು. ಸುದ್ದಿ ನಿಜವೋ ಸುಳ್ಳೋ, ನಂಬಬಹುದೋ ಬಾರದೋ ಎಂಬ ಗಡಿಬಿಡಿಯ ಹಾಡು. ಕಾಗದದ ಮೇಲೆ ಬಂದ ಸ್ವಾತಂತ್ರ್ಯ ಕೇರಿ ತನಕ ನಡೆದು ಬರಲು ಎಷ್ಟು ಹೊತ್ತು ಬೇಕು ಎಂಬುದು ನಮಗೇನು ಹೊಸ ಲೆಕ್ಕವಲ್ಲ.

ಮೂರನೆಯದರಲ್ಲಿ ಮಾತೇ ಇಲ್ಲ. ಹೆಂಗಸಿನ ಗಂಟಲು, ಗಂಡಸಿನ ಡ್ರಮ್ಮು, ಎರಡೇ. ಅದರಲ್ಲಿ ಮೂರು ಭಾಗ: ಪ್ರಾರ್ಥನೆ, ಪ್ರತಿಭಟನೆ, ಶಾಂತಿ. ಪ್ರಾರ್ಥನೆಯಲ್ಲಿ ಆಕೆ ಗುನುಗುತ್ತಾಳೆ. ಆಮೇಲೆ ಇದ್ದಕ್ಕಿದ್ದಂತೆ ಕೂಗುತ್ತಾಳೆ. ಹಾಡುವುದಲ್ಲ, ಕೂಗುವುದು. ಕಿರುಚು, ಅರಚು, ಯಾವ ಹೆಸರು ಬೇಕಾದರೂ ಕೊಡಿ. ಒಂದು ನಿಮಿಷಕ್ಕೂ ಹೆಚ್ಚು ಹೊತ್ತು. ಕೆಳಗೆ ಡ್ರಮ್ಮು ಕುಸಿದು ಬೀಳುವ ಮನೆಯ ಹಾಗೆ.

ಕೂಗು ಶುರುವಾಗಿ ಸ್ವಲ್ಪ ಹೊತ್ತಾಗಿರಲಿಲ್ಲ, ಅಧ್ಯಾಪಕರು ಎದ್ದರು. ಎದ್ದು ಮುಳ್ಳು ಎತ್ತಿದರು.

"ಇದೊಂದು ಜಾಗ ಸ್ವಲ್ಪ ಕರ್ಕಶ. ಎರಡನೇ ಸೈಡು ಕೇಳಿ, ಆಫ್ರಿಕಾದ ತಾಳವಾದ್ಯ ಬಹಳ ಸೊಗಸಾಗಿದೆ" ಅಂತ ಹೇಳಿ, ಅಂಚು ಹಿಡಿದು, ಜಿಡ್ಡು ತಗುಲದ ಹಾಗೆ, ತಿರುಗಿಸಿ ಹಾಕಿದರು.

ಗೆಳೆಯರೆ, ಅರ್ಧ ಗಂಟೆ ಮುಂಚೆ ನಮಗೆ ಪೂರ್ತಿ ಕೇಳುವ ಸಂಸ್ಕಾರದ ಪಾಠ ಹೇಳಿದ್ದವರು ಇವರೇ.

ಈಗ ನಮ್ಮ ಮಾತು. ನಾವು ಸಾಚಾಗಳಲ್ಲ. ಬಸ್ಸಿನಲ್ಲಿ ಒಂದು ಇಯರ್‌ಫೋನನ್ನು ಇಬ್ಬರು ಹಂಚಿಕೊಂಡು ಮೊದಲ ಸಲ ಇದನ್ನು ಕೇಳಿದಾಗ, ಆ ಕೂಗು ಬಂದಾಗ, ನಮ್ಮ ಬೆರಳೂ ಮುಂದಕ್ಕೆ ಒತ್ತಿತ್ತು. ಬಸ್ಸಿನಲ್ಲಿ ಜನ ಇದ್ದಾರೆ, ಬ್ಯಾಟರಿ ಕಮ್ಮಿ ಇದೆ, ಆಮೇಲೆ ಕೇಳಿದರಾಯಿತು. ನೂರು ನೆಪ. ಒತ್ತಿದವನ ಪಕ್ಕ ಕೂತಿದ್ದ ನಮ್ಮ ಗೆಳತಿ ಹಿಂದಿನ ಹಾಡಿಗೇ ವಾಪಸ್ ಹೋಗು ಎಂದಳು. ಕೂಗು ಪೂರ್ತಿ ಕೇಳಿದಳು. ಇಳಿದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳಿದಳು: "ನಮ್ಮಣ್ಣನ್ನ ಹೊಡೆದ ದಿನ ನಮ್ಮವ್ವ ಬೀದೀಲಿ ನಿಂತ್ಕಂಡು ಹಿಂಗೇ ಕೂಗಿದ್ಲು. ಅದರಲ್ಲಿ ಮಾತಿರಲಿಲ್ಲ. ಊರವರೆಲ್ಲ ಒಬ್ಬೊಬ್ರಾಗಿ ಬಾಗಿಲು ಹಾಕ್ಕಂಡ್ರು. ಆಗ ನಂಗೆ ಏಳು ವರ್ಷ. ನಾನು ಕೂಗನ್ನ ನೋಡಲಿಲ್ಲ, ಬಾಗಿಲುಗಳನ್ನೇ ನೋಡ್ತಿದ್ದೆ."

ಅಂದಿನಿಂದ ನಮಗೆ ಈ ರೆಕಾರ್ಡು ಮೇಲೋ ಫೋನು ಮೇಲೋ ಎಂಬ ಜಗಳ ಪೊಳ್ಳಾಗಿ ಕಾಣತೊಡಗಿದೆ. ದಾಟಿಹೋಗುವುದು ಯಂತ್ರದ ಗುಣವಲ್ಲ. ಮುಳ್ಳು ಎತ್ತಿದರೂ ದಾಟಬಹುದು, ಗಾಜಿನ ಮೇಲೆ ಬೆರಳು ಒತ್ತಿದರೂ ದಾಟಬಹುದು. ಯಾವುದನ್ನು ದಾಟುತ್ತೇವೆ, ಪ್ರಶ್ನೆ ಅದು. ಊರ ದೇವರ ಮೆರವಣಿಗೆ ಎಲ್ಲ ಬೀದಿ ಸುತ್ತಿ ಕೇರಿಯ ಹತ್ತಿರ ಬಂದಾಗ ತಿರುಗಿಬಿಡುತ್ತದಲ್ಲ, ಅದಕ್ಕೆ ಯಾವ ಕಂಪನಿಯ ಬಟನ್ನು ಬೇಕಿತ್ತು?

ಹಾಗಂತ ಹಾಡುಗಳ ಕ್ರಮ ಮುಖ್ಯವಲ್ಲ ಎಂದು ನಾವು ಹೇಳುತ್ತಿಲ್ಲ. ಇಲ್ಲಿ ಕ್ರಮವೇ ವಾದ. ಜೀತ, ಬಿಡುಗಡೆಯ ಸುದ್ದಿ, ಪ್ರಾರ್ಥನೆ, ಕೂಗು, ಆಮೇಲೆ ಶಾಂತಿ. ಕೂಗನ್ನು ತೆಗೆದುಬಿಟ್ಟರೆ ಪ್ರಾರ್ಥನೆ ಮಾಡಿದ್ದಕ್ಕೇ ಶಾಂತಿ ಸಿಕ್ಕಿತು ಅಂತಾಗುತ್ತದೆ. ಎಂಥಾ ಸುಳ್ಳು! ಅಧ್ಯಾಪಕರು ಹಾಕಿದ ಎರಡನೇ ಸೈಡಿನಲ್ಲಿ ಆಬಿ ಲಿಂಕನ್ ಆಫ್ರಿಕಾದ ಬುಡಕಟ್ಟುಗಳ ಹೆಸರನ್ನು ಒಂದೊಂದಾಗಿ ಕರೆಯುತ್ತಾಳೆ, ನೈಜೀರಿಯಾದ ಒಲಾಟುಂಜಿ ತನ್ನ ಯೊರೂಬಾ ನುಡಿಯಲ್ಲಿ ಉತ್ತರ ಕೊಡುತ್ತಾನೆ. ಕೂಗು ಕೇಳಿ ಬಂದವನಿಗೆ ಅದು ಕಳೆದುಹೋದ ಬಂಧುಗಳನ್ನು ಕರೆದಂತೆ ಕೇಳುತ್ತದೆ. ಕೂಗು ಕೇಳದೆ ಬಂದವನಿಗೆ ಸೊಗಸಾದ ತಾಳವಾದ್ಯ. ಕೊನೆಯದು ಜೋಹಾನ್ಸ್‌ಬರ್ಗಿಗೆ ಸುರಿಸಿದ ಕಣ್ಣೀರು. 1960ರ ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್ಲಿನಲ್ಲಿ ಪಾಸು ಕಾನೂನಿನ ವಿರುದ್ಧ ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಜನರನ್ನು ಕೊಂದಿದ್ದರು. ಅದಾಗಿ ಆರು ತಿಂಗಳೊಳಗೆ, ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲಿನಲ್ಲಿ, ಈ ರೆಕಾರ್ಡು ಮಾಡಿದರು. ಅದರಲ್ಲೂ ಮಾತಿಲ್ಲ. ಆದರೆ ಈ ಸಲ ಆಕೆಯ ದನಿ ಒಂಟಿಯಲ್ಲ. ಒಟ್ಟು ಮೂವತ್ತೇಳು ನಿಮಿಷ. ಒಂದು ಕೊಂಡಿ ಕಳಚಿದರೆ ಉಳಿದವು ಬರೀ ಪದ.

ಆಕೆಗೆ ಏನಾಯಿತು ಎಂಬುದನ್ನೂ ಹೇಳಬೇಕು. ಮುಂದಿನ ವರ್ಷ, 1961ರಲ್ಲಿ, ಆಬಿ ಲಿಂಕನ್ ತನ್ನದೇ ಇನ್ನೊಂದು ಆಲ್ಬಂ ತಂದಳು. 'ಡೌನ್‌ಬೀಟ್' ಎಂಬ ದೊಡ್ಡ ಜಾಝ್ ಪತ್ರಿಕೆಯ ಬಿಳಿಯ ವಿಮರ್ಶಕನೊಬ್ಬ, ಈಕೆ ಕರಿಯಳಾಗಿರುವುದನ್ನೇ ಕಸುಬು ಮಾಡಿಕೊಂಡಿದ್ದಾಳೆ ಎಂಬರ್ಥದ ಮಾತು ಬರೆದ. ಆಮೇಲೆ 1973ರವರೆಗೆ ಆಕೆಯ ಹೆಸರಿನಲ್ಲಿ ಒಂದು ಆಲ್ಬಮ್ಮೂ ಬರಲಿಲ್ಲ. ಹನ್ನೆರಡು ವರ್ಷ. ಜಾತಿಯನ್ನೇ ಬಂಡವಾಳ ಮಾಡಿಕೊಂಡವರು ಎಂಬ ಮಾತನ್ನು ನಮ್ಮ ಹಿರಿಯ ಕವಿಗಳಿಗೆ ಯಾರು ಯಾರು ಎಸೆದರು ಎಂದು ನಾವು ಇಲ್ಲಿ ಪಟ್ಟಿ ಮಾಡುವುದಿಲ್ಲ. ಓದುಗರಿಗೆ ಗೊತ್ತು.

ಇನ್ನು ಈ ರೆಕಾರ್ಡಿನ ಪಾವಿತ್ರ್ಯ. ಪೂರ್ಣತೆ ಎಂಬುದು ರೆಕಾರ್ಡಿನ ಜೊತೆಗೇ ಹುಟ್ಟಿತೇನೋ ಎಂಬಂತೆ ಮಾತಾಡುತ್ತಾರೆ. ಮೊದಲು ಬಂದ 78ರ ರೆಕಾರ್ಡಿನಲ್ಲಿ ಒಂದು ಮೈಗೆ ಹಿಡಿಯುತ್ತಿದ್ದದ್ದು ಮೂರು ಮೂರೂವರೆ ನಿಮಿಷ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ಆ ಅಳತೆಗೇ. ಗಂಟೆಗಟ್ಟಲೆ ಹಾಡಬಲ್ಲ ಗಂಟಲನ್ನು ಮೂರು ನಿಮಿಷಕ್ಕೆ ಕತ್ತರಿಸಿದರು. ಆಲ್ಬಂ ಎಂಬ ಹೆಸರು ಬಂದದ್ದೂ ಆ ಚೂರುಗಳನ್ನು ಫೋಟೋ ಪುಸ್ತಕದ ಹಾಗೆ ರಟ್ಟಿನಲ್ಲಿ ಕಟ್ಟಿ ಮಾರುತ್ತಿದ್ದುದರಿಂದ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ ತಂದ ಮೇಲೆ ಒಂದು ಸೈಡಿಗೆ ಇಪ್ಪತ್ತು ಇಪ್ಪತ್ತೆರಡು ನಿಮಿಷ ಸಿಕ್ಕಿತು. ಪೂರ್ತಿ ಕೇಳುವ ಪುರಾತನ ಸಂಸ್ಕಾರ ಎಂದು ಇವರು ಹೇಳುವುದಕ್ಕೆ ಇನ್ನೂ ಎಂಬತ್ತು ವರ್ಷ ತುಂಬಿಲ್ಲ. ಆ ಹಳೆಯ 78ರ ರೆಕಾರ್ಡುಗಳು ಅರಗಿನವು. ಆ ಅರಗನ್ನು ಛೋಟಾ ನಾಗಪುರದ ಕಾಡುಗಳಲ್ಲಿ ಕೊಂಬೆ ಕೊಂಬೆಯಿಂದ ಕೆರೆದು ಕೊಟ್ಟವರು ಆದಿವಾಸಿಗಳು. ಮುಟ್ಟಬಾರದು ಅನ್ನುವ ವಸ್ತುವಿನ ಮೇಲೆ ಮೊದಲು ಬಿದ್ದ ಕೈ ಗುರುತು ಯಾರದು ಎಂದು ರಸಿಕರು ಯೋಚಿಸಿದ್ದುಂಟೇ?

ಈಗ ಮತ್ತೆ ಎಲ್‌ಪಿಗೆ ಫ್ಯಾಷನ್ ಬಂದಿದೆ. ಹೊಸ ಅಚ್ಚಿನ ಒಂದು ಜಾಝ್ ರೆಕಾರ್ಡಿಗೆ ಎರಡು ಮೂರು ಸಾವಿರ ರೂಪಾಯಿ. 2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಎಂಟು ದಿನ ಮಣ್ಣು ಹೊತ್ತರೆ ಒಂದು ರೆಕಾರ್ಡು, ತಿರುಗಿಸುವ ಯಂತ್ರ ಬೇರೆ. ಇಷ್ಟು ಖರ್ಚು ಮಾಡಿದವನಿಗೆ ತಾಳ್ಮೆ ಬರದೆ ಇನ್ನೇನು ಬರುತ್ತದೆ?

ಆದರೆ ಫೋನು ನಮ್ಮನ್ನು ಉದ್ಧಾರ ಮಾಡಿತು ಎಂದು ಕುಣಿಯುವವರಿಗೂ ಎರಡು ಮಾತಿದೆ. ನಿಜ, ಫೋನು ಇರದಿದ್ದರೆ ನಾವು ಆಬಿ ಲಿಂಕನ್ನಳ ದನಿ ಕೇಳುತ್ತಲೇ ಇರಲಿಲ್ಲ. ಅದರ ಋಣ ಇದೆ. ಆದರೆ ಈ ಬಂಡವಾಳಶಾಹಿಗಳ ಲೆಕ್ಕ ನೋಡಿ. ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಒಂದು ಸಲ ಕೇಳಿದಂತೆ ಲೆಕ್ಕ. ಮುಂದೆ ನೀವು ಹಾಡನ್ನು ಬಿಟ್ಟು ಹೋದರೂ ಅದರ ಗಂಟೇನೂ ಹೋಗುವುದಿಲ್ಲ. ಅಂದಮೇಲೆ ಹಾಡು ಕಟ್ಟುವವನಿಗೆ ಮೊದಲ ಮೂವತ್ತು ಸೆಕೆಂಡಿನದೇ ಚಿಂತೆ. ಎಂಟು ನಿಮಿಷದ ಹಾಡಿನಲ್ಲಿ ಕೂಗು ನಡುವೆ ಎಲ್ಲೋ ಬರುತ್ತದೆ, ಅಲ್ಲಿಗೆ ಯಾರು ಕಾಯುತ್ತಾರೆ? 2024ರಿಂದ ಇನ್ನೊಂದು ಕಟ್ಟಳೆ ಬಂದಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಕಾಸಿಲ್ಲ. ಸಣ್ಣ ಹೊಳೆಗಳ ನೀರನ್ನೆಲ್ಲ ದೊಡ್ಡ ಕೆರೆಗೆ ತಿರುಗಿಸುವ ಈ ಬುದ್ಧಿ ನಮಗೆ ಗೊತ್ತಿರುವ ಬುದ್ಧಿಯೇ.

ಎಲ್ಲಕ್ಕಿಂತ ನಮ್ಮ ಹೊಟ್ಟೆ ಉರಿಸಿದ್ದು ಇದು. 2023ರ ಅಕ್ಟೋಬರಿನಲ್ಲಿ ಇದೇ ಕಂಪನಿ ಭಾರತದಲ್ಲಿ ದುಡ್ಡು ಕೊಡದೆ ಕೇಳುವವರಿಗೆ ಹಾಡುಗಳನ್ನು ಕ್ರಮವಾಗಿ ಕೇಳುವ ಅವಕಾಶವನ್ನೇ ಕಿತ್ತುಕೊಂಡಿತು. ಕಲಸಿ ಕೊಡುತ್ತೇವೆ, ಕಲಸಿದ್ದನ್ನೇ ತಿನ್ನಿ. ಕ್ರಮ ಬೇಕಾದರೆ ಕಾಸು ಕಟ್ಟಿ. 2025ರ ಸೆಪ್ಟೆಂಬರಿನಲ್ಲಿ ಆ ಬಿಗಿ ಒಂದಿಷ್ಟು ಸಡಿಲವಾಯಿತು, ಅದು ಬೇರೆ ಮಾತು. 2021ರಲ್ಲಿ ಅಡೆಲ್ ಎಂಬ ಇಂಗ್ಲೆಂಡಿನ ದೊಡ್ಡ ಗಾಯಕಿ, ನಮ್ಮ ಆಲ್ಬಮ್ಮುಗಳನ್ನು ಕಲಸಬೇಡಿ, ಅದರ ಕ್ರಮದಲ್ಲಿ ಒಂದು ಕಥೆ ಇದೆ ಎಂದು ಕೇಳಿದಾಗ ಇದೇ ಕಂಪನಿ ಕಾಸು ಕಟ್ಟಿದವರಿಗೆ ಬಟನ್ನು ಬದಲಾಯಿಸಿ ಕೊಟ್ಟಿತ್ತು. ಹೀಗೆ ಪೂರ್ತಿ ಕೇಳುವ ಹಕ್ಕು ರೆಕಾರ್ಡಿನ ಕಾಲದಲ್ಲೂ ಉಳ್ಳವನದು, ಫೋನಿನ ಕಾಲದಲ್ಲೂ ಉಳ್ಳವನದು. ಆಮೇಲೆ ಇದೇ ಉಳ್ಳವನು ಬಂದು ನಿಮಗೆ ತಾಳ್ಮೆ ಇಲ್ಲ ಅನ್ನುತ್ತಾನೆ!

ತಾಳ್ಮೆಯ ಮಾತು ಬಂದಿದ್ದಕ್ಕೆ ನಮ್ಮಲ್ಲೊಬ್ಬನ ದೊಡ್ಡಪ್ಪನ ಕಥೆ ಹೇಳಲೇಬೇಕು. ಆತ ನೀಲಗಾರ. ಚಿಕ್ಕಲ್ಲೂರು ಕಡೆಯ ಮಂಟೇಸ್ವಾಮಿ ಪರಂಪರೆಯಲ್ಲಿ ದೀಕ್ಷೆ ಆದವನು. ತಂಬೂರಿ, ಗಗ್ಗರ, ಡಕ್ಕೆ, ತಾಳ ಇಟ್ಟುಕೊಂಡು ಕೂತರೆ ರಾತ್ರಿ ಊಟ ಆದ ಮೇಲೆ ಶುರು, ಕೋಳಿ ಕೂಗಿದಾಗ ಮಂಗಳ. ಮಂಟೇಸ್ವಾಮಿ ಗಬ್ಬು ವಾಸನೆ ಹೊತ್ತು ಕಲ್ಯಾಣದ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಬಾಗಿಲು ಕಾಯುವವರು ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ನಿಲ್ಲಿಸಿದ ಹೊತ್ತನ್ನು ನಮ್ಮ ದೊಡ್ಡಪ್ಪ ಚಿಕ್ಕದು ಮಾಡುವುದಿಲ್ಲ. ನಿಂತವನಿಗೆ ಎಷ್ಟು ಹೊತ್ತಾಯಿತೋ ಕೇಳುವವನಿಗೂ ಅಷ್ಟು ಹೊತ್ತಾಗಬೇಕು. ಕೇರಿಯ ಹೆಂಗಸರು ಬೆಳಗಿಂದ ಕಳೆ ಕಿತ್ತು ಬಂದವರು, ಮಡಿಲಲ್ಲಿ ಮಗು ಮಲಗಿಸಿಕೊಂಡು, ತೂಕಡಿಸಿ, ಎಚ್ಚೆತ್ತು, ಬೆಳಗಿನ ತನಕ ಕೇಳುತ್ತಾರೆ. ತಾಳ್ಮೆ ಇಲ್ಲದವರಂತೆ ಇವರು!

ಈ ದೊಡ್ಡಪ್ಪನನ್ನು ಎರಡು ವರ್ಷದ ಹಿಂದೆ ಒಂದು ಉತ್ಸವಕ್ಕೆ ಕರೆದಿದ್ದರು. ಯಾವ ಉತ್ಸವ ಅಂತ ಬೇಡ. ದೊಡ್ಡ ವೇದಿಕೆ, ಬಣ್ಣದ ದೀಪ. ಆರು ನಿಮಿಷ ಕೊಟ್ಟರು. "ಚೆನ್ನಾಗಿರೋದು ಒಂದೆರಡು ಪದ ಹಾಡಿಬಿಡಿ ಯಜಮಾನರೇ" ಅಂದರು. ಈತ ಎಂದಿನಂತೆ ಸ್ತುತಿಯಿಂದ ಶುರುಮಾಡಿದ. ಆರು ನಿಮಿಷಕ್ಕೆ ಸರಿಯಾಗಿ ಮೈಕು ನಿಂತಿತು. ಶಾಲು ಬಂತು, ಫೋಟೋ ಆಯಿತು. ಮನೆಗೆ ಬಂದು ತಂಬೂರಿಯನ್ನು ಗೂಟಕ್ಕೆ ಸಿಕ್ಕಿಸಿ ಅಂದ: "ಇನ್ನೂ ಗುರು ಪಾದುಕ್ಕೇ ಬಂದಿರ್ನಿಲ್ಲ ಕಣ ಮೊಗ, ಆಗ್ಲೇ ಸಾಕು ಅಂದ್ರು." ಆ ವೇದಿಕೆಯ ಮುಂದಿನ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದವರ ಮನೆಗಳಲ್ಲೂ ರೆಕಾರ್ಡುಗಳಿರಬಹುದು. ಅಂಚು ಹಿಡಿದು ತೆಗೆಯುತ್ತಿರಬಹುದು.

ನಮ್ಮವರನ್ನೂ ಸುಮ್ಮನೆ ಬಿಡುವ ಹಾಗಿಲ್ಲ. ಸಂಘಟನೆಯ ಗೆಳೆಯರೆ, ನಿಮ್ಮ ಫೋನು ತೆಗೆದು ನೋಡಿ. ಏಪ್ರಿಲ್ 14 ಬಂತೆಂದರೆ ನಮ್ಮ ಹೋರಾಟದ ಹಾಡುಗಳಿಂದ ಒಂದು ಸಾಲು ಕಿತ್ತು, ಕೆಳಗೆ ಡಿಜೆ ತಾಳ ಸೇರಿಸಿ, ಮೂವತ್ತು ಸೆಕೆಂಡಿನ ಸ್ಟೇಟಸ್ ಮಾಡಿ ಹಾಕುತ್ತೇವೆ. ಆ ಸಾಲಿನ ಹಿಂದಿನ ಚರಣದಲ್ಲಿ ಹಸಿವಿದೆ, ಮುಂದಿನ ಚರಣದಲ್ಲಿ ಪ್ರಶ್ನೆ ಇದೆ. ಪ್ರಶ್ನೆ ನಮ್ಮನ್ನೇ ಕೇಳಿದ್ದು. ಅದಕ್ಕೇ ಅದನ್ನು ಬಿಡುತ್ತೇವೆ. ಶಿಬಿರಗಳಲ್ಲಿ ಭಾಷಣಕ್ಕೆ ಎರಡು ಗಂಟೆ, ಹಾಡಿಗೆ ಮಧ್ಯೆ ಮಧ್ಯೆ ಒಂದೊಂದು ಪಲ್ಲವಿ, ಅದೂ ಮುಖ್ಯ ಅತಿಥಿ ಬರುವ ತನಕ ಜನ ಎದ್ದು ಹೋಗದಿರಲಿ ಅಂತ. ಹಾಡುವವರು ಯಾರು, ಭಾಷಣ ಮಾಡುವವರು ಯಾರು ಎಂದು ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ನಮ್ಮ ಶಿಬಿರದಲ್ಲಾದರೂ ಹಾಡು ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಆಗಬೇಕು, ಆಮೇಲೆ ಅದರ ಬಗ್ಗೆ ಮಾತು. ಇದನ್ನು ಕೇಳಿದ್ದಕ್ಕೆ, ಜಾಝು ಗೀಝು ಕೇಳಿ ಕೆಟ್ಟುಹೋದ ಹುಡುಗರು ಎಂದರು ನಮ್ಮ ಹಿರಿಯರೊಬ್ಬರು.

ಕೆಟ್ಟ ಹುಡುಗರು ಸುಮ್ಮನಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಒಂದು ಶನಿವಾರ ರಾತ್ರಿ, ದೊಡ್ಡಪ್ಪನ ಕೇರಿಯಲ್ಲಿ, ಅಂಬೇಡ್ಕರ್ ಭವನದ ಜಗಲಿ ಮೇಲೆ ಜಯಂತಿಗೆ ಕೊಂಡಿದ್ದ ಸ್ಪೀಕರ್ ಡಬ್ಬ ಇಟ್ಟೆವು. ರೆಕಾರ್ಡಿಲ್ಲ, ತಿರುಗಿಸುವ ಯಂತ್ರವಿಲ್ಲ. ಫೋನೇ. ಹಾಡುಗಳನ್ನು ಮೊದಲೇ ಕ್ರಮದಲ್ಲಿ ಇಳಿಸಿಕೊಂಡಿದ್ದೆವು, ನಡುವೆ ಯಾರೂ ಫೋನು ಮಾಡದಂತೆ ಸಿಮ್ ಕಿತ್ತಿಟ್ಟಿದ್ದೆವು. ಇಪ್ಪತ್ತು ಮೂವತ್ತು ಜನ ಸೇರಿದರು. ಪ್ರತಿ ಹಾಡಿಗೆ ಮುಂಚೆ ಎರಡೇ ಮಾತು: ಇದು ಜೀತದ್ದು, ಇದು ಸುದ್ದಿ ಬಂದದ್ದು. ಅಷ್ಟೇ.

ಕೂಗು ಶುರುವಾದಾಗ ಹುಡುಗರು ನಕ್ಕರು. ನಾಯಿಗಳು ಬೊಗಳಿದವು. ಯಾರೋ "ಆಪ್ ಮಾಡ್ರಪ್ಪ ಅದ, ಮಕ್ಳು ಹೆದ್ರುಕತವೆ" ಅಂದರು. ನಿಜ ಹೇಳುತ್ತೇವೆ, ನಮ್ಮ ಕೈ ಫೋನಿನ ಹತ್ತಿರ ಹೋಯಿತು. ಆಗ ಹಿಂದೆ ಗೋಡೆಗೆ ಒರಗಿ ಕೂತಿದ್ದ ಒಂದು ಮುದುಕಿ, ಕಣ್ಣು ಸರಿಯಾಗಿ ಕಾಣದವಳು, ಜೋರಾಗಿ ಅಂದಳು: "ಬುಡ್ರೋ. ಕೂಗ್ಕಳ್ಳಿ ಅವ್ಳು."

ಕೂಗು ಮುಗಿಯಿತು. ಶಾಂತಿ ಎಂಬ ಭಾಗ ಬಂತು. ಅದರಲ್ಲಿ ಆಕೆ ಏದುಸಿರು ಬಿಡುವುದು ಕೇಳುತ್ತದೆ, ದಣಿದು ಕೂತ ಹಾಗೆ. ಅಲ್ಲಿಗೆ ಒಂದನೇ ಸೈಡು ಮುಗಿಯಬೇಕು. ರೆಕಾರ್ಡಾದರೆ ಇಲ್ಲಿ ಎದ್ದು ತಿರುಗಿಸಿ ಹಾಕುವ ತನಕ ಮೌನ ಇರುತ್ತದೆ. ಆ ಮೌನ ರೆಕಾರ್ಡಿನದೇ ಗುಣ, ಅಧ್ಯಾಪಕರಿಗೆ ಅದನ್ನು ಒಪ್ಪಿಸಬೇಕು. ಫೋನು ಅದನ್ನು ಕೊಡುವುದಿಲ್ಲ, ತಕ್ಷಣ ಮುಂದಿನದಕ್ಕೆ ಓಡುತ್ತದೆ. ನಾವೇ ನಿಲ್ಲಿಸಿದೆವು. ಯಾರೂ ಮಾತಾಡಲಿಲ್ಲ. ನಮ್ಮ ಗೆಳತಿ ಮುದುಕಿಯ ಪಕ್ಕ ಹೋಗಿ ಕೂತಳು.

ಸ್ವಲ್ಪ ಹೊತ್ತಾದ ಮೇಲೆ ದೊಡ್ಡಪ್ಪ ಕೇಳಿದ: "ಆಯಮ್ಮ ಕೂಗ್ತಾ ಕೂಗ್ತಾ ಉಸುರು ಎಲ್ಲಿ ತಕ್ಕಂಡ್ಳು ಮೊಗ?"

ನಾವು ಇಷ್ಟು ಸಲ ಕೇಳಿದ್ದೆವು, ಅದನ್ನು ಗಮನಿಸಿರಲಿಲ್ಲ. ಗೊತ್ತಿಲ್ಲ ದೊಡ್ಡಪ್ಪ ಅಂದೆವು. ಎರಡನೇ ಸೈಡಿನ ಎರಡೂ ಹಾಡು ಹಾಕಿದೆವು. ಮುಗಿದಾಗ ಒಂಬತ್ತೂವರೆ. ಕೆಲವರು ಎದ್ದು ಹೋದರು, ಬೆಳಿಗ್ಗೆ ಕೆಲಸಕ್ಕೆ ಹೋಗುವವರು. ದೊಡ್ಡಪ್ಪ ಟವೆಲನ್ನು ಕೊಡವಿ ಮತ್ತೆ ಹಾಸಿಕೊಂಡು, ಸ್ಪೀಕರ್ ಡಬ್ಬದ ಹತ್ತಿರಕ್ಕೆ ಜರುಗಿ ಕೂತು, "ಮೊದ್ಲಿಂದ ಹಾಕು" ಅಂದ.